ನೀರಿನ ಘಟಕಕ್ಕೆ ಯಾವ ಟ್ಯಾಗ್? ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಎಲ್ಲರೂ ಒಂದೇ ರೀತಿ ಗುರುತು ಹಾಕುವ ಬಗೆ

ಪಾವಗಡ ತಾಲ್ಲೂಕಿನಲ್ಲಿ ಎಷ್ಟೋ ಕಡೆ ಬೋರ್‌ವೆಲ್ ನೀರನ್ನು ಹಾಗೇ ಕುಡಿಯೋಕೆ ಆಗಲ್ಲ. ಫ್ಲೋರೈಡ್ ಜಾಸ್ತಿ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲ ಅಂದರೆ 1.5ರವರೆಗೆ ಒಪ್ಪಬಹುದು, ಅದಕ್ಕಿಂತ ಮೇಲೆ ಬೇಡ. ನಾನು ಇಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಪಾಠ ಮಾಡುತ್ತೇನೆ. ಮಕ್ಕಳು ನಕ್ಕಾಗ ಹಲ್ಲಿನ ಮೇಲೆ ಫ್ಲೋರೈಡಿನ ಕಂದು ಗೆರೆ ಕಾಣುತ್ತದೆ. ಹಾಗಾಗಿ ಊರಿನ ಶುದ್ಧ ಕುಡಿಯುವ ನೀರಿನ ಘಟಕ ನಮಗೆ ದೊಡ್ಡ ವಿಷಯ. ಅದು ಯಾವ ಊರಲ್ಲಿದೆ, ಯಾವುದು ಕೆಟ್ಟು ನಿಂತಿದೆ, ಕೆಟ್ಟರೆ ಪಕ್ಕದ ಯಾವ ಊರಿಗೆ ಹೋಗಬೇಕು ಅನ್ನೋದು ಎಲ್ಲರೂ ನೋಡಬಹುದಾದ ನಕ್ಷೆಯಲ್ಲಿ ಇರಬೇಕು ಅಂತ ನಾವು ಕೆಲವರು ಓಪನ್‌ಸ್ಟ್ರೀಟ್‌ಮ್ಯಾಪ್ ಹಿಡಿದೆವು.

2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಒಂದು ಚುಕ್ಕಿ ಇಟ್ಟು ಅದಕ್ಕೆ ಟ್ಯಾಗ್ ಕೊಡುತ್ತೇವೆ. ಟ್ಯಾಗ್ ಅಂದರೆ ಎರಡು ಭಾಗ: ಸಮ ಚಿಹ್ನೆಯ ಎಡಕ್ಕೆ ಕೀ, ಬಲಕ್ಕೆ ವ್ಯಾಲ್ಯೂ. ಯಾವ ಟ್ಯಾಗ್ ಬೇಕಾದರೂ ಬರೆಯಬಹುದು, ತಡೆಯುವವರು ಯಾರೂ ಇಲ್ಲ. ಈ ಸ್ವಾತಂತ್ರ್ಯದಿಂದಲೇ ನಕ್ಷೆ ಇಷ್ಟು ಬೆಳೆದಿದೆ. ತೊಂದರೆ ಶುರುವಾಗುವುದೂ ಇದರಿಂದಲೇ. ಒಂದೇ ನೀರಿನ ಘಟಕವನ್ನು ಒಬ್ಬರು ಅಮೆನಿಟಿ=ಡ್ರಿಂಕಿಂಗ್_ವಾಟರ್ ಅಂತ ಹಾಕುತ್ತಾರೆ. ಇನ್ನೊಬ್ಬರು ಅಮೆನಿಟಿ=ವಾಟರ್_ಪಾಯಿಂಟ್. ನಾಣ್ಯ ಹಾಕುವ ಡಬ್ಬಿ ನೋಡಿದವರು ಅಮೆನಿಟಿ=ವೆಂಡಿಂಗ್_ಮಷೀನ್ ಅನ್ನುತ್ತಾರೆ. ದುಡ್ಡಿಗೆ ನೀರು ಕೊಡ್ತಾರಲ್ಲ ಅಂತ ಮತ್ತೊಬ್ಬರು ಶಾಪ್=ವಾಟರ್. ‘ಘಟಕ’ ಅಂದರೆ ಪ್ಲಾಂಟ್ ತಾನೇ ಅಂದುಕೊಂಡವರು ಮ್ಯಾನ್_ಮೇಡ್=ವಾಟರ್_ವರ್ಕ್ಸ್. ಐದೂ ನಿಜವಾಗಿ ಬಳಕೆಯಲ್ಲಿರುವ ಟ್ಯಾಗ್‌ಗಳೇ. ಆದರೆ ತಾಲ್ಲೂಕಿನ ಎಲ್ಲ ಘಟಕಗಳನ್ನು ತೋರಿಸು ಅಂತ ಯಾರಾದರೂ ಕೇಳಿದರೆ ಸಿಗುವುದು ಒಂದು ತುಂಡು ಮಾತ್ರ.

ಇದನ್ನು ಕೂತು ಸರಿಮಾಡಿಕೊಳ್ಳುವುದು ಹೇಗೆ ಅಂತ ಬರೆಯುತ್ತಿದ್ದೇನೆ. ನಿಮ್ಮ ಕಡೆ ನೀರಿನ ಘಟಕದ ಬದಲು ಕೆರೆ ಕೋಡಿ ಇರಬಹುದು, ರಾಜಕಾಲುವೆ ಇರಬಹುದು, ಹಾಲಿನ ಡೇರಿ ಇರಬಹುದು. ಮಾಡುವ ಕೆಲಸ ಒಂದೇ. ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಇಲ್ಲಿ ಟ್ಯಾಗ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಎಡಿಟರಿನಲ್ಲಿ, ಅಂದರೆ ನಕ್ಷೆ ತಿದ್ದುವ ತಂತ್ರಾಂಶದಲ್ಲಿ, ಹಾಕುವಾಗ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ಬ್ರಿಟಿಷ್ ಕಾಗುಣಿತದಲ್ಲಿ ಹಾಕಬೇಕು. ಎರಡು ಪದಗಳ ನಡುವೆ ಜಾಗದ ಬದಲು ಅಡಿಗೆರೆ.

ಮೀಟಿಂಗಿಗೆ ಮುಂಚೆ ಹೋಗಿ ನೋಡಿ

ಕೋಣೆಯಲ್ಲಿ ಕೂತು ಟ್ಯಾಗ್ ಬಗ್ಗೆ ಚರ್ಚೆ ಶುರು ಮಾಡಬೇಡಿ. ಎಲ್ಲರ ತಲೆಯಲ್ಲೂ ಅವರವರ ಊರಿನ ಘಟಕವೇ ಇರುತ್ತದೆ. ಒಂದೊಂದು ಊರಿನದೂ ಬೇರೆ ಥರ ಇರುತ್ತೆ ಅಂತ ಗೊತ್ತಾಗುವುದು ಹೋಗಿ ನೋಡಿದಾಗಲೇ. ಪ್ರತಿಯೊಬ್ಬರೂ ತಮ್ಮ ಸುತ್ತಮುತ್ತಲಿನ ಕೆಲವನ್ನು ನೋಡಿ, ಫೋಟೋ ತೆಗೆದುಕೊಂಡು ಬರಲಿ. ಚೆನ್ನಾಗಿರುವುದನ್ನು ಮಾತ್ರ ತೆಗೆದರೆ ಸಾಲದು. ವಿಚಿತ್ರವಾಗಿರುವುದು, ಅರ್ಧ ಕೆಟ್ಟಿರುವುದು, ಇದು ಘಟಕಾನೋ ಅಲ್ವೋ ಅಂತ ಅನುಮಾನ ಬರುವುದು ಮುಖ್ಯವಾಗಿ ಬೇಕು.

ಸಾಮಾನ್ಯವಾಗಿ ಕಾಣುವುದು ಹೀಗೆ. ತಗಡಿನ ಶೀಟಿನ ಒಂದು ಸಣ್ಣ ಕೋಣೆ, ನೀಲಿ ಬಣ್ಣ. ಪಕ್ಕದಲ್ಲಿ ಕಪ್ಪು ಸಿಂಟೆಕ್ಸ್ ಟ್ಯಾಂಕು. ಬೋರ್‌ವೆಲ್ ನೀರು ಮೊದಲು ಅದಕ್ಕೆ ಬರುತ್ತದೆ. ಒಳಗೆ ಮರಳಿನ ಫಿಲ್ಟರ್, ಇದ್ದಿಲಿನ ಫಿಲ್ಟರ್, ಅದಾದ ಮೇಲೆ ಉದ್ದ ಕೊಳವೆಗಳಲ್ಲಿ ಆರ್‌ಒ ಮೆಂಬ್ರೇನ್. ಶುದ್ಧವಾದ ನೀರು ಸ್ಟೀಲ್ ಟ್ಯಾಂಕಿಗೆ ಹೋಗುತ್ತದೆ, ಉಪ್ಪು ಜಾಸ್ತಿಯಾದ ಉಳಿದ ನೀರು ಪೈಪಿನಲ್ಲಿ ಹೊರಗೆ ಚರಂಡಿಗೆ. ಮುಂದಿನ ಗೋಡೆಯಲ್ಲಿ ನಾಣ್ಯ ಹಾಕುವ ಸಣ್ಣ ಸೀಳು, ಕೆಳಗೆ ನಲ್ಲಿ, ನಲ್ಲಿಯ ಕೆಳಗೆ ಕ್ಯಾನ್ ಇಡೋಕೆ ಕಬ್ಬಿಣದ ಸ್ಟ್ಯಾಂಡು. 5 ರೂಪಾಯಿ ಹಾಕಿದರೆ 20 ಲೀಟರ್. ನಲ್ಲಿ ತಾನಾಗಿ ನಿಲ್ಲುತ್ತದೆ.

ಇದು ಸರಿಯಾಗಿ ನಡೆಯುವ ಘಟಕದ ಮಾತು. ಕೆಲವು ಊರಲ್ಲಿ ನಾಣ್ಯದ ಪೆಟ್ಟಿಗೆ ಕೆಟ್ಟು, ಒಬ್ಬರು ಕುರ್ಚಿ ಹಾಕಿಕೊಂಡು ಕೂತು ಕೈಯಲ್ಲೇ ದುಡ್ಡು ತಗೊಳ್ತಾರೆ. ಕೆಲವು ಕಡೆ ಕಾರ್ಡು. ಕೆಲವು ಕಡೆ ಘಟಕ ಖಾಸಗಿಯವರದ್ದು, ಆಟೋದಲ್ಲಿ ಕ್ಯಾನ್ ತುಂಬಿ ಮನೆಮನೆಗೆ ಹಾಕುತ್ತಾರೆ, ನೀವೇ ಹೋದರೂ ಕೊಡುತ್ತಾರೆ. ಇನ್ನು ರಸ್ತೆ ಪಕ್ಕದ ತೊಂಬೆ, ಅಂದರೆ ಸಣ್ಣ ನೀರಿನ ಟ್ಯಾಂಕು. ಅದರ ಸುತ್ತ ನಾಲ್ಕು ನಲ್ಲಿ, ನೀರು ಪುಕ್ಕಟೆ. ಆದರೆ ಅದು ಬೋರ್‌ವೆಲ್ ನೀರು, ಪಾತ್ರೆ ತೊಳೆಯೋಕೆ, ದನಕ್ಕೆ. ಹೊರಗಿನವರಿಗೆ ಎರಡೂ ‘ನೀರು ಸಿಗುವ ಜಾಗ’. ಊರವರಿಗೆ ಎರಡೂ ಬೇರೆ ಬೇರೆ ಅಂತ ಚೆನ್ನಾಗಿ ಗೊತ್ತು. ಟ್ಯಾಗ್‌ನಲ್ಲಿ ಈ ವ್ಯತ್ಯಾಸ ಉಳಿಯಲೇಬೇಕು.

ಹೋದಾಗ ನೀರುಗಂಟಿಯನ್ನು ಮಾತಾಡಿಸಿ. ಯಾವ ಬೋರ್ ಯಾವ ಟ್ಯಾಂಕಿಗೆ, ಕರೆಂಟ್ ಯಾವಾಗ ಬರುತ್ತೆ, ಮೋಟಾರ್ ಸುಟ್ಟರೆ ರಿಪೇರಿಗೆ ಎಷ್ಟು ದಿನ ಆಗುತ್ತೆ ಅನ್ನೋದು ಪಂಚಾಯಿತಿ ಕಡತಕ್ಕಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಸಾಧ್ಯವಾದರೆ ಅವರನ್ನೂ ಮೀಟಿಂಗಿಗೆ ಕರೆಯಿರಿ. ಫೋನಿನಲ್ಲಿ ನಕ್ಷೆ ತಿದ್ದೋಕೆ ಬರದಿದ್ದರೂ ಪರವಾಗಿಲ್ಲ.

ಜಗತ್ತು ಏನು ಮಾಡುತ್ತಿದೆ ಅಂತ ನೋಡಿ

ಫೋಟೋ ಕೈಗೆ ಬಂದ ಮೇಲೆ ಓಪನ್‌ಸ್ಟ್ರೀಟ್‌ಮ್ಯಾಪ್ ವಿಕಿ ತೆರೆಯಿರಿ. ಹೆಚ್ಚು ಬಳಕೆಯಲ್ಲಿರುವ ಟ್ಯಾಗ್‌ಗಳಿಗೆ ಒಂದೊಂದು ಪುಟ ಇರುತ್ತದೆ. ಶೀರ್ಷಿಕೆ ನೋಡಿ ಮುಂದೆ ಹೋಗಬೇಡಿ, ವಿವರಣೆ ಪೂರ್ತಿ ಓದಿ. ಹೆಸರು ಒಂದು ಅರ್ಥ ಕೊಡುತ್ತೆ, ವಿವರಣೆ ಇನ್ನೊಂದು ಹೇಳುತ್ತೆ. ವಾಟರ್_ವರ್ಕ್ಸ್ ಅನ್ನುವುದು ಒಂದು ಪಟ್ಟಣಕ್ಕೆಲ್ಲ ನೀರು ಶುದ್ಧ ಮಾಡಿ ಪೈಪಿಗೆ ಬಿಡುವಂಥ ಜಾಗಕ್ಕೆ. ತಗಡಿನ ಕೋಣೆಗೆ ಹೊಂದಲ್ಲ. ಅದು ಅಲ್ಲೇ ಬಿತ್ತು.

ಆಮೇಲೆ ಟ್ಯಾಗ್‌ಇನ್ಫೋ ಅನ್ನುವ ವೆಬ್‌ಸೈಟು. ಯಾವ ಟ್ಯಾಗ್ ಜಗತ್ತಿನಲ್ಲಿ ಎಷ್ಟು ಸಲ ಬಳಕೆಯಾಗಿದೆ, ಅದರ ಜೊತೆ ಬೇರೆ ಯಾವ ಟ್ಯಾಗ್ ಬರುತ್ತವೆ ಅಂತ ಅಲ್ಲಿ ಸಿಗುತ್ತದೆ. ಸಂಖ್ಯೆ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಒಬ್ಬರೇ ಒಂದು ದೊಡ್ಡ ಪಟ್ಟಿಯನ್ನು ಒಟ್ಟಿಗೆ ಸುರಿದಿದ್ದರೂ ಸಂಖ್ಯೆ ಏರಿರುತ್ತದೆ. ಎಷ್ಟು ಜನ ಬಳಸಿದ್ದಾರೆ, ಯಾವ ಯಾವ ದೇಶದಲ್ಲಿ ಹರಡಿದೆ ಅನ್ನೋದು ಸಂಖ್ಯೆಗಿಂತ ಜಾಸ್ತಿ ಹೇಳುತ್ತದೆ.

ಮೂರನೆಯದು ಓವರ್‌ಪಾಸ್ ಟರ್ಬೊ, ನಕ್ಷೆಯಲ್ಲಿ ಇರುವುದನ್ನು ಹುಡುಕುವ ವೆಬ್‌ಸೈಟು. ವಿಝಾರ್ಡ್ ಒತ್ತಿ ಟ್ಯಾಗ್ ಹಾಕಿ, ಊರಿನ ಹೆಸರು ಕೊಟ್ಟರೆ ಈಗಾಗಲೇ ನಕ್ಷೆಯಲ್ಲಿ ಇರುವುದೆಲ್ಲ ಬರುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಮೊದಲೇ ಯಾರಾದರೂ ಹಾಕಿದ್ದಾರಾ, ಯಾವ ಟ್ಯಾಗ್‌ನಲ್ಲಿ ಹಾಕಿದ್ದಾರೆ ನೋಡಿ. ಹಾಕಿದ್ದರೆ ಅವರಿಗೆ ಮೆಸೇಜ್ ಕಳಿಸಿ, ನಾವು ಹೀಗೆ ಸೇರುತ್ತಿದ್ದೇವೆ ನೀವೂ ಬನ್ನಿ ಅಂತ ಕರೆಯಿರಿ. ನಮಗಿಂತ ಮೊದಲು ಬಂದವರನ್ನು ಬಿಟ್ಟು ಮಾಡಿದ ಒಪ್ಪಂದ ನಿಲ್ಲಲ್ಲ.

ಮೂರೂ ನೋಡಿದ ಮೇಲೆ ಒಂದು ಹಾಳೆಯಲ್ಲಿ ಉಳಿದ ಟ್ಯಾಗ್‌ಗಳನ್ನು ಬರೆದುಕೊಳ್ಳಿ. ಒಂದೊಂದರ ಪಕ್ಕದಲ್ಲಿ ವಿಕಿಯ ವಿವರಣೆಯನ್ನು ನಿಮ್ಮ ಮಾತಿನಲ್ಲಿ, ಕನ್ನಡದಲ್ಲಿ. ಎಲ್ಲರಿಗೂ ಇಂಗ್ಲಿಷ್ ಓದೋಕೆ ಬರುತ್ತೆ ಅಂದುಕೊಳ್ಳಬೇಡಿ. ಓದೋಕೆ ಬಂದರೂ, ಅರ್ಥವಾಗಲಿಲ್ಲ ಅಂತ ಹೇಳೋಕೆ ಹಿಂಜರಿಯುತ್ತಾರೆ.

ಚರ್ಚೆ: ನಕ್ಷೆ ನೋಡಿ ಬರುವವರು ಯಾರು?

ಈಗ ಕೂರಿ. ಯಾವ ಟ್ಯಾಗ್ ಸರಿ ಅಂತ ನೇರ ಕೇಳಿದರೆ ಮಾತು ಸುಮ್ನೆ ಸುತ್ತುತ್ತದೆ. ಈ ಗುರುತು ನೋಡಿ ಯಾರು ಬರ್ತಾರೆ, ಬಂದು ಏನು ಮಾಡ್ತಾರೆ ಅಂತ ಕೇಳಿ.

ನಮ್ಮಲ್ಲಿ ಜಾಸ್ತಿ ಜನ ಡ್ರಿಂಕಿಂಗ್_ವಾಟರ್ ಕಡೆ ಇದ್ದರು. ಕುಡಿಯುವ ನೀರು ತಾನೇ, ಹೆಸರಲ್ಲೇ ಇದೆ. ಬಳಕೆಯೂ ಜಾಸ್ತಿ, ಫೋನಿನ ಆ್ಯಪ್‌ಗಳಲ್ಲೂ ಕಾಣುತ್ತದೆ. ನನ್ನ ಒಲವೂ ಅತ್ತಲೇ ಇತ್ತು. ಆಗ ಆಟೋ ಓಡಿಸುವ ಒಬ್ಬ ಹುಡುಗ ಕೇಳಿದ: ‘ದಾರೀಲಿ ಹೋಗೋನು ಬಾಟ್ಲಿ ಹಿಡ್ಕೊಂಡು ಬರ್ತಾನೆ. 5 ರೂಪಾಯಿ ಹಾಕ್ತಾನೆ. 20 ಲೀಟರ್ ಸುರಿಯುತ್ತೆ. ಅವನೇನ್ ಮಾಡ್ಬೇಕು?’

ವಿಕಿಗೆ ವಾಪಸ್ ಹೋದೆವು. ಡ್ರಿಂಕಿಂಗ್_ವಾಟರ್ ಇರುವುದು ಒಬ್ಬ ಮನುಷ್ಯ ಬಂದು ಕುಡಿಯೋಕೆ, ಬಾಟಲಿ ತುಂಬಿಸಿಕೊಳ್ಳೋಕೆ. ಬಸ್‌ಸ್ಟ್ಯಾಂಡಿನ ನಲ್ಲಿ, ದೇವಸ್ಥಾನದ ಮುಂದಿನ ನಲ್ಲಿ ಇಂಥವಕ್ಕೆ. ವಾಟರ್_ಪಾಯಿಂಟ್ ಇರುವುದು ಕುಡಿಯುವ ನೀರನ್ನೇ ದೊಡ್ಡ ಪ್ರಮಾಣದಲ್ಲಿ ತುಂಬಿಸಿಕೊಳ್ಳುವ ಜಾಗಕ್ಕೆ. ಯುರೋಪಿನಲ್ಲಿ ಇದನ್ನು ಪ್ರವಾಸಿ ವಾಹನಗಳ, ದೋಣಿಗಳ ಟ್ಯಾಂಕ್ ತುಂಬಿಸುವ ಜಾಗಕ್ಕೆ ಬಳಸುತ್ತಾರೆ. ನಮ್ಮಲ್ಲಿ ಸ್ಕೂಟರಿನ ಮುಂದೆ ಒಂದು ಕ್ಯಾನ್, ಹಿಂದೆ ಒಂದು ಕ್ಯಾನ್ ಇಟ್ಟುಕೊಂಡು ಬರುತ್ತಾರೆ. ಮಾಡುವ ಕೆಲಸ ಅದೇ. ಮನೆಗೆ ನೀರು ಬೇಕಾದವರಿಗೆ ಘಟಕ ಸಿಗಬೇಕು, ಬಾಯಾರಿದವರಿಗೆ ನಲ್ಲಿ ಸಿಗಬೇಕು. ಎರಡಕ್ಕೂ ಒಂದೇ ಟ್ಯಾಗ್ ಕೊಟ್ಟರೆ ಇಬ್ಬರಿಗೂ ಕಷ್ಟ. ಹಾಗಾಗಿ ಘಟಕಕ್ಕೆ ವಾಟರ್_ಪಾಯಿಂಟ್ ಅಂತ ಒಪ್ಪಿದೆವು.

ವೆಂಡಿಂಗ್_ಮಷೀನ್ ಪರವಾಗಿ ಮಾತಾಡಿದವರೂ ಇದ್ದರು. ನಾಣ್ಯ ಹಾಕಿದರೆ ನೀರು ಬರುತ್ತೆ, ಅದು ಮಷೀನೇ ಅಂತ. ಅದಕ್ಕೆ ಉತ್ತರ ಫೋಟೋಗಳಲ್ಲೇ ಇತ್ತು. ಕುರ್ಚಿ ಹಾಕಿಕೊಂಡು ದುಡ್ಡು ತಗೊಳ್ಳುವವರ ಫೋಟೋ. ನಾಣ್ಯದ ಪೆಟ್ಟಿಗೆ ಕೆಟ್ಟ ದಿನ ಘಟಕ ಬೇರೆ ವಸ್ತು ಆಗಿಬಿಡುತ್ತಾ? ಮತ್ತೆ ರಿಪೇರಿ ಆದ ದಿನ ಟ್ಯಾಗ್ ವಾಪಸ್ ಬದಲಿಸೋದಾ? ಮುಖ್ಯ ಟ್ಯಾಗ್ ಗಟ್ಟಿಯಾಗಿರಬೇಕು. ಬದಲಾಗುವ ವಿಷಯ ಪಕ್ಕದ ಟ್ಯಾಗ್‌ಗೆ ಹೋಗಬೇಕು. ದುಡ್ಡು ಕೊಡಬೇಕು ಅನ್ನೋದಕ್ಕೆ ಫೀ=ಯೆಸ್. ನಾಣ್ಯ ನಡೆಯುತ್ತೆ ಅನ್ನೋದಕ್ಕೆ ಪೇಮೆಂಟ್:ಕಾಯಿನ್ಸ್=ಯೆಸ್. ಪೆಟ್ಟಿಗೆ ಕೆಟ್ಟರೆ ಈ ಒಂದು ಸಾಲು ತಿದ್ದಿದರೆ ಸಾಕು.

ಟ್ಯಾಗ್ ಒಪ್ಪಂದದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಅದು ಏನು, ಅದು ಹೇಗೆ ನಡೆಯುತ್ತೆ, ಈಗ ನಡೀತಿದೆಯಾ, ಯಾರು ನಡೆಸ್ತಾರೆ: ಈ ನಾಲ್ಕು ಪ್ರಶ್ನೆಗೆ ನಾಲ್ಕು ಬೇರೆ ಕೀ ಇರಬೇಕು. ಎಲ್ಲವನ್ನೂ ಒಂದೇ ವ್ಯಾಲ್ಯೂಗೆ ತುರುಕಲು ಹೋದಾಗಲೇ ಜಗಳ ಹುಟ್ಟುತ್ತದೆ. ಬಿಡಿಸಿ ಇಟ್ಟ ಮೇಲೆ ನಮ್ಮಲ್ಲಿ ಜಗಳವಾಡುತ್ತಿದ್ದವರೆಲ್ಲರ ಮಾತಿಗೂ ಒಂದು ಜಾಗ ಸಿಕ್ಕಿತು.

ಖಾಸಗಿಯವರ ಕ್ಯಾನ್ ಅಂಗಡಿಗೆ ಶಾಪ್=ವಾಟರ್ ಉಳಿಸಿಕೊಂಡೆವು. ತೊಂಬೆಗೆ ಮ್ಯಾನ್_ಮೇಡ್=ಸ್ಟೋರೇಜ್_ಟ್ಯಾಂಕ್, ಜೊತೆಗೆ ಕಂಟೆಂಟ್=ವಾಟರ್. ಅದರ ನಲ್ಲಿಗೆ ಮ್ಯಾನ್_ಮೇಡ್=ವಾಟರ್_ಟ್ಯಾಪ್. ಕುಡಿಯೋಕೆ ಆಗುತ್ತೋ ಇಲ್ಲವೋ ಅನ್ನುವುದಕ್ಕೆ ಡ್ರಿಂಕಿಂಗ್_ವಾಟರ್ ಅನ್ನುವುದನ್ನೇ ಕೀ ಆಗಿ ಬಳಸಿ ಯೆಸ್ ಅಥವಾ ನೋ ಹಾಕಬಹುದು. ಇಲ್ಲಿ ನಾವು ಕಟ್ಟುನಿಟ್ಟು. ಕೈಪಂಪಿಗೆ ಕೆಂಪು ಬಣ್ಣ ಬಳಿದಿದ್ದರೆ, ಇಲ್ಲವೇ ‘ಕುಡಿಯಲು ಯೋಗ್ಯವಲ್ಲ’ ಅಂತ ಬರೆದಿದ್ದರೆ ಮಾತ್ರ ನೋ. ನೀರಿನ ರುಚಿ ನೋಡಿ ಅಂದಾಜಿನಲ್ಲಿ ಯಾರೂ ಹಾಕುವಂತಿಲ್ಲ. ಫ್ಲೋರೈಡಿಗೆ ರುಚಿಯೂ ಇಲ್ಲ, ಬಣ್ಣವೂ ಇಲ್ಲ.

ಚುಕ್ಕಿ ಎಲ್ಲಿ ಇಡೋದು ಅಂತಲೂ ಒಪ್ಪಿಕೊಳ್ಳಿ. ಇದನ್ನು ಎಲ್ಲರೂ ಮರೆಯುತ್ತಾರೆ. ಕಟ್ಟಡದ ಗೆರೆ ಬೇರೆ ಎಳೆದು, ನೀರಿನ ಚುಕ್ಕಿಯನ್ನು ನಲ್ಲಿ ಇರುವ ಬದಿಗೆ ಇಡುತ್ತೇವೆ. ಕೋಣೆಯ ಬೆನ್ನು ಒಂದು ಓಣಿಗೆ, ನಲ್ಲಿ ಇನ್ನೊಂದು ಓಣಿಗೆ ಇರುವ ಊರುಗಳಿವೆ. 20 ಕೆಜಿ ತೂಕ ಹೊರುವವರಿಗೆ ಈ ಓಣಿ ಲೆಕ್ಕಕ್ಕೆ ಬರುತ್ತದೆ. ಒಂದೇ ಘಟಕವನ್ನು ಚುಕ್ಕಿಯ ಮೇಲೂ ಕಟ್ಟಡದ ಮೇಲೂ ಎರಡೆರಡು ಸಲ ಟ್ಯಾಗ್ ಮಾಡಬೇಡಿ, ಎಣಿಸುವಾಗ ಎರಡಾಗುತ್ತದೆ.

ಕೆಟ್ಟು ನಿಂತಿದೆ ಅಂತ ಯಾವಾಗ ಹೇಳೋದು?

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಿ. ಉದ್ಘಾಟನೆ ಆಗಿ ಬೀಗ ಬಿದ್ದ ಘಟಕ ನಕ್ಷೆಯಲ್ಲಿ ನಡೆಯುವ ಘಟಕದ ಹಾಗೆ ಕಂಡರೆ ಜನ ಖಾಲಿ ಕ್ಯಾನ್ ಹಿಡಿದು ಬಂದು ವಾಪಸ್ ಹೋಗುತ್ತಾರೆ. ಕರೆಂಟ್ ಇಲ್ಲದೆ ಒಂದು ದಿನ ನಿಂತ ಘಟಕವನ್ನು ಕೆಟ್ಟಿದೆ ಅಂತ ಹಾಕಿದರೆ ಅದೂ ಸುಳ್ಳು.

ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಇದಕ್ಕೆ ಒಳ್ಳೆಯ ದಾರಿ ಇದೆ. ಕೀ ಮುಂದೆ ಒಂದು ಪದ ಸೇರಿಸಿ ಸ್ಥಿತಿ ಹೇಳಬಹುದು. ವಸ್ತು ಇದೆ, ಬಳಕೆಯಲ್ಲಿಲ್ಲ, ರಿಪೇರಿ ಮಾಡಿದರೆ ನಡೆಯುತ್ತೆ ಅಂದರೆ ಡಿಸ್‌ಯೂಸ್ಡ್:ಅಮೆನಿಟಿ=ವಾಟರ್_ಪಾಯಿಂಟ್. ಪೂರ್ತಿ ಹಾಳುಬಿದ್ದಿದ್ದರೆ ಡಿಸ್‌ಯೂಸ್ಡ್ ಜಾಗದಲ್ಲಿ ಅಬ್ಯಾಂಡನ್ಡ್. ಹೀಗೆ ಹಾಕಿದ ಕೂಡಲೇ ವಾಟರ್_ಪಾಯಿಂಟ್ ಹುಡುಕುವ ಆ್ಯಪ್‌ಗೆ ಅದು ಸಿಗುವುದಿಲ್ಲ, ಆದರೆ ನಕ್ಷೆಯಿಂದ ಅಳಿಸಿಯೂ ಹೋಗುವುದಿಲ್ಲ. ಪಂಚಾಯಿತಿಗೆ ಅರ್ಜಿ ಕೊಡುವಾಗ ಕೆಟ್ಟವುಗಳ ಪಟ್ಟಿಯನ್ನು ಇದರಿಂದಲೇ ತೆಗೆಯಬಹುದು.

ಆದರೆ ಡಿಸ್‌ಯೂಸ್ಡ್ ಅನ್ನೋಕೆ ಏನು ಕಂಡಿರಬೇಕು? ನಮ್ಮ ಒಪ್ಪಂದ ಕಣ್ಣಿಗೆ ಕಾಣುವ ಗುರುತಿನ ಮೇಲೆ ನಿಂತಿದೆ. ಬೀಗ ತುಕ್ಕು ಹಿಡಿದಿರಬೇಕು, ಇಲ್ಲ ನಲ್ಲಿಯೋ ಮೀಟರೋ ಕಿತ್ತುಹೋಗಿರಬೇಕು. ಅದರ ಜೊತೆಗೆ ಪಕ್ಕದ ಇಬ್ಬರು ಮನೆಯವರು ನಿಂತುಹೋಗಿದೆ ಅಂತ ಹೇಳಬೇಕು. ಕರೆಂಟ್ ಹೋಗಿದೆ, ಮೋಟಾರ್ ರಿಪೇರಿಗೆ ಹೋಗಿದೆ ಅಂತ ನೀರುಗಂಟಿ ಹೇಳಿದರೆ ಟ್ಯಾಗ್ ಮುಟ್ಟುವುದಿಲ್ಲ, ನಕ್ಷೆಯ ಮೇಲೆ ಒಂದು ನೋಟ್ ಬಿಟ್ಟು ಬರುತ್ತೇವೆ. ಹೋಗಿ ನೋಡಿದ ಪ್ರತಿ ಸಲವೂ ಚೆಕ್_ಡೇಟ್ ಹಾಕುತ್ತೇವೆ, ವರ್ಷ-ತಿಂಗಳು-ದಿನ ಆ ಕ್ರಮದಲ್ಲಿ. ಏನೂ ಬದಲಾಗಿಲ್ಲ ಅಂದರೂ ತಾರೀಕು ಹಾಕಿ. ನಿನ್ನೆ ನೋಡಿದ್ದಾ, ಮೂರು ವರ್ಷದ ಹಿಂದೆ ನೋಡಿದ್ದಾ ಅಂತ ಮುಂದಿನವರಿಗೆ ತಿಳಿಯುವುದು ಅದರಿಂದಲೇ. ಎವ್ರಿ ಡೋರ್ ಅನ್ನುವ ನಕ್ಷೆ ತಿದ್ದುವ ಆ್ಯಪಿನಲ್ಲಿ ಒಂದು ಸಲ ಟಿಕ್ ಒತ್ತಿದರೆ ಆ ದಿನದ ತಾರೀಕು ತಾನಾಗಿ ಸೇರುತ್ತದೆ.

ಬೋರ್ಡಿನ ಮೇಲೆ ಇರುವುದೆಲ್ಲ ಹೆಸರಲ್ಲ

ಘಟಕದ ಮೇಲೆ ದೊಡ್ಡದಾಗಿ ‘ಶುದ್ಧ ಕುಡಿಯುವ ನೀರಿನ ಘಟಕ’ ಅಂತ ಇರುತ್ತದೆ. ಹೊಸಬರು ಅದನ್ನು ನೇಮ್ ಅನ್ನುವ ಕೀಗೆ ಹಾಕಿಬಿಡುತ್ತಾರೆ. ಅದು ಏನು ಅಂತ ಮುಖ್ಯ ಟ್ಯಾಗ್ ಹೇಳಿ ಆಗಿದೆ. ನೇಮ್ ಇರುವುದು ಆ ಒಂದಕ್ಕೇ ಸೇರಿದ ಹೆಸರಿದ್ದರೆ ಮಾತ್ರ. ಘಟಕಗಳಿಗೆ ಹೆಸರು ಇಲ್ಲದಿರುವುದೇ ಜಾಸ್ತಿ, ಖಾಲಿ ಬಿಡಿ. ನಡೆಸುವವರು ಯಾರು ಅನ್ನೋದು ಆಪರೇಟರ್ ಕೀಗೆ. ಪಂಚಾಯಿತಿಯ ಹೆಸರನ್ನು ಎಲ್ಲರೂ ಒಂದೇ ರೀತಿ ಬರೆಯಲಿ. ‘ಗ್ರಾಮ ಪಂಚಾಯಿತಿ’ ಅಂತ ಪೂರ್ತಿ ಬರೆಯೋದಾ, ‘ಗ್ರಾ.ಪಂ.’ ಅಂತ ಚಿಕ್ಕದು ಮಾಡೋದಾ? ಈ ನಕ್ಷೆಯಲ್ಲಿ ಹೆಸರನ್ನು ಚಿಕ್ಕದು ಮಾಡಬಾರದು ಅನ್ನುವುದೇ ಸಾಮಾನ್ಯ ನಿಯಮ, ನಾವೂ ಅದನ್ನೇ ಹಿಡಿದೆವು. ಬೋರ್ಡಿನ ಮೇಲೆ ಅನುದಾನ ಕೊಟ್ಟವರ ಹೆಸರು, ಫೋಟೋ ಇರುತ್ತವೆ. ಅವು ನಕ್ಷೆಗೆ ಬೇಡ.

ಊರಿನ ಹೆಸರಿನ ವಿಷಯ ಬಂದಾಗ ನಮ್ಮ ತಾಲ್ಲೂಕು ಸ್ವಲ್ಪ ಬೇರೆ. ಸುತ್ತ ಬಹುಪಾಲು ಆಂಧ್ರ, ಮನೆಮಾತು ತೆಲುಗು ಇರುವವರು ತುಂಬಾ ಜನ. ಊರಿನ ಹೆಸರನ್ನು ಕನ್ನಡದಲ್ಲಿ ನೇಮ್:ಕೆಎನ್, ತೆಲುಗಿನಲ್ಲಿ ನೇಮ್:ಟಿಇ ಅಂತ ಎರಡೂ ಹಾಕುತ್ತೇವೆ. ಎರಡೂ ಇದ್ದರೆ ಯಾರಿಗೂ ನಷ್ಟ ಇಲ್ಲ. ಕನ್ನಡದ ಹೆಸರು ಬರೆಯುವಾಗ ಊರ ಮುಂದಿನ ಬೋರ್ಡು ನೋಡಿ ಬರೆಯಿರಿ, ಇಂಗ್ಲಿಷಿನಿಂದ ಅಂದಾಜು ಮಾಡಬೇಡಿ. ಇಂಗ್ಲಿಷ್ ಅಕ್ಷರದಲ್ಲಿ ದೀರ್ಘ, ಒತ್ತು, ಳಕಾರ, ಣಕಾರ ಕಾಣುವುದಿಲ್ಲ. ವೈ.ಎನ್. ಹೊಸಕೋಟೆಯಂಥ ಹೆಸರಿಗೆ ಚುಕ್ಕಿ ಹಾಕೋದಾ, ಜಾಗ ಬಿಡೋದಾ ಅಂತ ಒಂದು ಸಲ ತೀರ್ಮಾನಿಸಿ ಬರೆದಿಡಿ. ಚಿಕ್ಕ ವಿಷಯ ಅನ್ನಿಸಬಹುದು, ಹುಡುಕುವಾಗ ಸಿಗುವುದು ಬಿಡುವುದು ಅದರ ಮೇಲೇ ಇದೆ. 2014ರ ನವೆಂಬರ್ 1ರಂದು ತುಮಕೂರು ಸೇರಿ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತಲ್ಲ, ಅಂಥ ಕಡೆ ಹಳೆಯದನ್ನು ಅಳಿಸದೆ ಓಲ್ಡ್_ನೇಮ್ ಕೀಗೆ ಹಾಕಿ. ಹಳೆಯ ಕಾಗದ ಹಿಡಿದು ಹುಡುಕುವವರು ಇನ್ನೂ ಇದ್ದಾರೆ.

ಏನನ್ನು ಹಾಕಬಾರದು

ಇದನ್ನೂ ಒಪ್ಪಂದದಲ್ಲಿ ಬರೆಯಲೇಬೇಕು. ಫ್ಲೋರೈಡ್ ಪರೀಕ್ಷೆಯ ಅಂಕಿಯನ್ನು ನಾವು ನಕ್ಷೆಗೆ ಹಾಕುವುದಿಲ್ಲ. ನನಗೆ ಹಾಕುವ ಆಸೆ ತುಂಬಾ ಇತ್ತು. ಆದರೆ ಅಲ್ಲಿ ಹೋಗಿ ನಿಂತ ಇನ್ನೊಬ್ಬರು ಕಣ್ಣಾರೆ ನೋಡಿ ಸರಿಯೋ ತಪ್ಪೋ ಹೇಳಲು ಆಗಬೇಕು ಅನ್ನುವುದು ಈ ನಕ್ಷೆಯ ಬುನಾದಿ. ಪರೀಕ್ಷೆಯ ಅಂಕಿ ಆ ದಿನದ್ದು, ಆ ಬಾಟಲಿಯದ್ದು. ಮಳೆಗಾಲಕ್ಕೆ ಬೇರೆ, ಬೇಸಿಗೆಗೆ ಬೇರೆ. ಅದನ್ನು ಬೇರೆ ಕೋಷ್ಟಕದಲ್ಲಿ ತಾರೀಕಿನ ಜೊತೆ ಇಟ್ಟಿದ್ದೇವೆ. ದರವನ್ನೂ ಹಾಕುವುದಿಲ್ಲ, ಫೀ=ಯೆಸ್ ಸಾಕು. ಬೆಲೆಗೆ ಚಾರ್ಜ್ ಅನ್ನುವ ಕೀ ಇದೆ. ಬೆಲೆ ಬದಲಾದಾಗ ತಿದ್ದಲು ನಿಮ್ಮಲ್ಲಿ ಜನ ಇದ್ದರೆ ಧಾರಾಳವಾಗಿ ಬಳಸಿ.

ಬೇರೆ ಕಂಪನಿಯ ನಕ್ಷೆ ನೋಡಿ ನಕಲು ಮಾಡಬೇಡಿ, ಸರ್ಕಾರದ ಪಟ್ಟಿ ಸಿಕ್ಕಿತು ಅಂತ ಅನುಮತಿ ಇಲ್ಲದೆ ಸುರಿಯಬೇಡಿ. ಲೈಸೆನ್ಸ್ ಒಪ್ಪಲ್ಲ.

ಬರೆದಿಡುವುದು

ಒಪ್ಪಂದ ಒಂದು ಪುಟ ಇರಲಿ. ಮೇಲೆ ಫೋಟೋ, ಅದರ ಕೆಳಗೆ ಟ್ಯಾಗ್‌ಗಳು. ಎಡಿಟರಿಗೆ ನೇರ ಅಂಟಿಸುವ ಹಾಗೆ ಇಂಗ್ಲಿಷಿನಲ್ಲಿ, ವಿವರಣೆ ಕನ್ನಡದಲ್ಲಿ. ಸಮಯ ಬರೆಯುವ ಮಾದರಿಯನ್ನೂ ಕೊಡಿ. ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 7 ಅನ್ನುವುದನ್ನು ಓಪನಿಂಗ್_ಅವರ್ಸ್ ಕೀಗೆ 06:00-10:00,16:00-19:00 ಅಂತ 24 ಗಂಟೆ ಲೆಕ್ಕದಲ್ಲಿ ಬರೆಯಬೇಕು. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ನೆನಪಿರಲ್ಲ, ಕಣ್ಣಮುಂದೆ ಇದ್ದರೆ ಸರಿಹೋಗುತ್ತದೆ.

ಆಯ್ಕೆ ಮಾಡಿದ್ದನ್ನು ಬರೆದ ಹಾಗೆ, ಬಿಟ್ಟಿದ್ದನ್ನೂ ಬರೆಯಿರಿ. ವೆಂಡಿಂಗ್_ಮಷೀನ್ ಯಾಕೆ ಬಿಟ್ಟೆವು, ಡ್ರಿಂಕಿಂಗ್_ವಾಟರ್ ಯಾಕೆ ಬಿಟ್ಟೆವು, ಒಂದೊಂದಕ್ಕೆ ಎರಡು ಸಾಲು. ಮುಂದಿನ ವರ್ಷ ಹೊಸಬರು ಬಂದು ಅದೇ ಪ್ರಶ್ನೆ ಕೇಳುತ್ತಾರೆ. ಕಾರಣ ಇಲ್ಲದ ನಿಯಮವನ್ನು ಬುದ್ಧಿವಂತರು ಪಾಲಿಸುವುದಿಲ್ಲ, ಪಾಲಿಸಬಾರದು ಕೂಡ. ಒಪ್ಪದೇ ಉಳಿದವರ ಮಾತನ್ನೂ ಸೇರಿಸಿ. ನಮ್ಮಲ್ಲಿ ಒಬ್ಬರು ಈಗಲೂ ಡ್ರಿಂಕಿಂಗ್_ವಾಟರ್ ಪರ. ಅವರ ಕಾರಣ ಪುಟದಲ್ಲಿದೆ, ಟ್ಯಾಗ್ ಹಾಕುವಾಗ ಅವರೂ ವಾಟರ್_ಪಾಯಿಂಟ್ ಅನ್ನೇ ಹಾಕುತ್ತಾರೆ. ಕೈ ಎತ್ತಿಸಿ ಎಣಿಸಿ ಮುಗಿಸಿದ್ದರೆ ಅವರು ಬಿಟ್ಟುಹೋಗುತ್ತಿದ್ದರು ಅಂತ ನನ್ನ ನಂಬಿಕೆ.

ಪುಟವನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ವಿಕಿಯಲ್ಲಿ ಹಾಕಿ, ಕನ್ನಡದಲ್ಲೂ ಬರೆಯಬಹುದು. ವಾಟ್ಸ್‌ಆ್ಯಪಿನಲ್ಲಿ ಮಾತ್ರ ಇಟ್ಟರೆ ಪಕ್ಕದ ತಾಲ್ಲೂಕಿನವರಿಗೆ ಸಿಗಲ್ಲ. ಕಂಪ್ಯೂಟರ್ ಬಲ್ಲವರು ಒಬ್ಬರಿದ್ದರೆ ಜೋಸಮ್ ಎಡಿಟರಿಗೆ ಒಂದು ಪ್ರಿಸೆಟ್ ಮಾಡಿಸಿ. ಸಣ್ಣ ಎಕ್ಸ್‌ಎಂಎಲ್ ಫೈಲ್ ಅದು. ಮೆನುವಿನಲ್ಲಿ ‘ನೀರಿನ ಘಟಕ’ ಅಂತ ಕನ್ನಡದಲ್ಲಿ ಕಾಣುತ್ತದೆ, ಒತ್ತಿದರೆ ಒಪ್ಪಿದ ಟ್ಯಾಗ್‌ಗಳೆಲ್ಲ ತಾವಾಗಿ ಕೂರುತ್ತವೆ. ಟೈಪ್ ಮಾಡುವಾಗಿನ ಕಾಗುಣಿತದ ತಪ್ಪು ಅಲ್ಲಿಗೆ ನಿಲ್ಲುತ್ತದೆ. ಶಾಲೆಯೋ ಸಂಸ್ಥೆಯೋ ಜನರನ್ನು ಗುಂಪಾಗಿ ಕೂರಿಸಿ ಈ ಕೆಲಸ ಮಾಡಿಸುವುದಾದರೆ, ಅದಕ್ಕೆಂದೇ 2018ರಲ್ಲಿ ಬಂದ ಮಾರ್ಗಸೂಚಿ ಇದೆ. ಏನು ಮಾಡುತ್ತೇವೆ, ಯಾರನ್ನು ಕೇಳಬೇಕು ಅಂತ ಮೊದಲೇ ವಿಕಿಯಲ್ಲಿ ತಿಳಿಸಬೇಕು.

ಬೇರೆಯವರು ಬೇರೆ ರೀತಿ ಹಾಕಿದ್ದರೆ

ತಿಂಗಳಿಗೊಮ್ಮೆ ಓವರ್‌ಪಾಸ್ ಟರ್ಬೊದಲ್ಲಿ ಆ ಐದೂ ಟ್ಯಾಗ್ ಹಾಕಿ ತಾಲ್ಲೂಕನ್ನು ನೋಡಿ. ಒಪ್ಪಂದಕ್ಕೆ ಹೊಂದದ್ದು ಸಿಕ್ಕರೆ ಎಲ್ಲವನ್ನೂ ಆರಿಸಿ ಒಂದೇ ಏಟಿಗೆ ಬದಲಿಸಬೇಡಿ. ಜಾಗ ನೋಡದೆ ಸಾರಾಸಗಟಾಗಿ ತಿದ್ದುವುದಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಪ್ರತ್ಯೇಕ ನೀತಿ ಇದೆ, ಮೊದಲು ಚರ್ಚಿಸದೆ ಮಾಡಿದರೆ ವಾಪಸ್ ತೆಗೆಯುತ್ತಾರೆ. ತೆಗೆಯುವುದೇ ಸರಿ. ಡ್ರಿಂಕಿಂಗ್_ವಾಟರ್ ಅಂತ ಹಾಕಿದವರು ನಿಜವಾಗಿ ಬಸ್‌ಸ್ಟ್ಯಾಂಡಿನ ನಲ್ಲಿಯನ್ನೇ ಹಾಕಿರಬಹುದು ಅಲ್ವಾ? ಒಂದೊಂದನ್ನೇ ಹೋಗಿ ನೋಡಿ, ಇಲ್ಲವೇ ಅವರ ಚೇಂಜ್‌ಸೆಟ್ (ಒಂದು ಸಲಕ್ಕೆ ಕಳಿಸಿದ ತಿದ್ದುಪಡಿಗಳ ಕಟ್ಟು) ಕೆಳಗೆ ವಿನಯವಾಗಿ ಕೇಳಿ. ‘ಇದು ಕ್ಯಾನ್ ತುಂಬಿಸುವ ಘಟಕಾನಾ, ನಲ್ಲಿಯಾ? ನಾವು ಇಲ್ಲಿ ಹೀಗೆ ಮಾಡುತ್ತಿದ್ದೇವೆ’ ಅಂತ ಬರೆದು ಪುಟದ ಕೊಂಡಿ ಕೊಡಿ.

ಇರುವ ಯಾವ ಟ್ಯಾಗ್ ಕೂಡ ಹೊಂದದಿದ್ದರೆ ಹೊಸದನ್ನು ಸೂಚಿಸುವ ದಾರಿಯೂ ಇದೆ. ವಿಕಿಯಲ್ಲಿ ಪ್ರಸ್ತಾವನೆ ಬರೆದು ಕನಿಷ್ಠ ಎರಡು ವಾರ ಚರ್ಚೆಗೆ ಬಿಡಬೇಕು. ಆಮೇಲೆ ಕನಿಷ್ಠ ಎರಡು ವಾರ ಮತದಾನ. ಕಡೇಪಕ್ಷ 8 ಜನ ಒಪ್ಪಬೇಕು, ಬಿದ್ದ ಮತಗಳಲ್ಲಿ ಶೇಕಡಾ 75 ಪರವಾಗಿರಬೇಕು. ಅದಕ್ಕೆ ಮುಂಚೆ ಇರುವ ಟ್ಯಾಗ್‌ಗಳನ್ನೇ ಜೋಡಿಸಿ ಹೇಳಲು ಆಗುತ್ತಾ ನೋಡಿ. ತೊಂಬೆಗೆ ಹೊಸ ಟ್ಯಾಗ್ ಬೇಕೇ ಬೇಕು ಅಂತ ನಮ್ಮಲ್ಲಿ ಕೆಲವರು ಹಟ ಹಿಡಿದಿದ್ದರು. ಟ್ಯಾಂಕು ಮತ್ತು ನಲ್ಲಿ ಅಂತ ಬಿಡಿಸಿದಾಗ ಬೇಕಾಗಲೇ ಇಲ್ಲ.

ಒಪ್ಪಂದವನ್ನು ಮತ್ತೆ ನೋಡಲು ಒಂದು ಕಾಲ ಗೊತ್ತುಮಾಡಿಕೊಳ್ಳಿ. ನಾವು ಫೆಬ್ರವರಿ ಇಟ್ಟುಕೊಂಡಿದ್ದೇವೆ. ಬೇಸಿಗೆ ಬಿಗಿಯಾಗುವ ಮುಂಚೆ ಎಲ್ಲ ಘಟಕಗಳನ್ನೂ ಇನ್ನೊಂದು ಸುತ್ತು ನೋಡಿ ಬರುತ್ತೇವೆ, ಆಗ ಸಿಕ್ಕ ಹೊಸ ಬಗೆಯ ಫೋಟೋಗಳನ್ನು ಮುಂದಿಟ್ಟುಕೊಂಡು ಪುಟ ತಿದ್ದುತ್ತೇವೆ. ತಿದ್ದಿದ ತಾರೀಕನ್ನು ಪುಟದ ತಲೆಯಲ್ಲಿ ಹಾಕಿ. ಆ ದಿನದಿಂದ ಮಾಡುವ ಪ್ರತಿ ಚೇಂಜ್‌ಸೆಟ್‌ನ ಟಿಪ್ಪಣಿಯಲ್ಲಿ ಊರಿನ ಹೆಸರು, ಹೋಗಿ ನೋಡಿದ್ದೋ ಕೇಳಿ ತಿಳಿದದ್ದೋ ಅನ್ನುವುದು, ಆ ಪುಟದ ಕೊಂಡಿ, ಈ ಮೂರೂ ಇರಲಿ.